ಇಂದಿನ ಧಮ್ಮ ಚಿಂತನೆ: ಮೂವತ್ತು ಮಿಲಿಗ್ರಾಂ ಮತ್ತು ಐದನೆಯ ಶೀಲ





ಪಂಚಶೀಲದ ಅಧ್ಯಯನದಲ್ಲಿ ಐದನೆಯ ಶೀಲದ ಹತ್ತಿರ ಬಂದಾಗಲೆಲ್ಲ ಯುವಕರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಸ್ವಲ್ಪ ಕುಡಿದು ಗಾಡಿ ಓಡಿಸಿದರೆ ಕಾನೂನೇ ಸುಮ್ಮನಿರುತ್ತದೆ. ಆ ಮಿತಿಯೊಳಗೆ ಇದ್ದರೆ ತಪ್ಪೇನು?" ಪ್ರಶ್ನೆ ನ್ಯಾಯವಾದದ್ದೇ. ಸಂವಿಧಾನವನ್ನೂ ಕಾನೂನನ್ನೂ ಗೌರವಿಸುವ ನಾವು ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು. "ಪಾಪ, ಕುಡಿಯಬಾರದು" ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ.

ಮೊದಲು ಕಾನೂನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ 2 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ.

ಹೀಗೆ ಒಂದು ಅಂಕಿ ಇರುವುದು ಒಳ್ಳೆಯದು. "ಇವನ ಬಾಯಿ ವಾಸನೆ ಹೊಡೆಯುತ್ತಿದೆ" ಎಂದು ಯಾರೋ ಹೇಳಿದ ಮಾತ್ರಕ್ಕೆ ಈ ಕಲಂ ಅಡಿ ಶಿಕ್ಷೆ ಕೊಡಲಾಗದು, ಯಂತ್ರ ಲೆಕ್ಕ ತೋರಿಸಬೇಕು. ಅಧಿಕಾರ ಇದ್ದವರ ಮರ್ಜಿಯಿಂದ ಬಡವನನ್ನು ಕಾಯುವುದು ಇಂಥ ಅಂಕಿಗಳೇ. ಇದರ ಬೆಲೆ ನಮ್ಮ ಜನರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೆ ಆ ಅಂಕಿ ಹೇಳುವುದು ಒಂದೇ ವಿಷಯ: ಸರ್ಕಾರ ಯಾವಾಗ ನನ್ನನ್ನು ಶಿಕ್ಷಿಸಬಹುದು ಎಂಬುದು. ನಾನು ಯಾವಾಗ ಗಾಡಿ ಓಡಿಸಲು ಯೋಗ್ಯ ಎಂಬುದನ್ನು ಅದು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಮಿತಿ 80 ಮಿಲಿಗ್ರಾಂ. ಪಕ್ಕದ ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ 50. ಅದೇ ಮನುಷ್ಯ, ಅದೇ ಗ್ಲಾಸು, ಅದೇ ತಲೆ. ಗಡಿ ದಾಟಿದ ಕೂಡಲೇ ನಿರಪರಾಧಿ ಅಪರಾಧಿಯಾಗುತ್ತಾನೆ. ಅವನ ಕಣ್ಣು ಕೈಗಳಲ್ಲಿ ಏನೂ ಬದಲಾಗಿರುವುದಿಲ್ಲ. ಮದ್ಯ 30ರ ಗೆರೆಗೆ ಕಾಯುತ್ತ ಕೂರುವುದಿಲ್ಲ. ಅದಕ್ಕಿಂತ ಕೆಳಗೇ ವೇಗದ ಅಂದಾಜು, ಒಂದೇ ಸಲ ಎರಡು ಕಡೆ ಗಮನ ಇಡುವ ಶಕ್ತಿ ಕುಂದಲು ಶುರುವಾಗುತ್ತದೆ.

"ನಾನು ಲೆಕ್ಕ ಇಟ್ಟು ಕುಡಿಯುತ್ತೇನೆ" ಎನ್ನುವವರಿಗಾಗಿ ಸ್ವಲ್ಪ ಲೆಕ್ಕ. ಸುಮಾರು 60 ಕಿಲೋ ತೂಕದ ಗಂಡಸು 30 ಎಂಎಲ್ ವಿಸ್ಕಿ ಕುಡಿದರೆ ರಕ್ತದಲ್ಲಿ ಅಂದಾಜು 25 ಮಿಲಿಗ್ರಾಂ ಸೇರುತ್ತದೆ. ಅಂದರೆ ಒಂದು ಸಣ್ಣ ಪೆಗ್ಗಿಗೇ ಮಿತಿಯ ಬಾಗಿಲು ಬಂತು. ಒಂದು "ನೈಂಟಿ" ಪೌಚಿಗೆ 70 ದಾಟುತ್ತದೆ, ಕ್ವಾರ್ಟರಿಗೆ 150ರ ಹತ್ತಿರ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ ಇಳಿಸಬಲ್ಲದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ 7ಕ್ಕೆ ಮಗುವನ್ನು ಶಾಲೆಗೆ ಬಿಡಲು ಬೈಕ್ ಹತ್ತುವಾಗಲೂ ಮಿತಿಯ ಅಂಚಿನಲ್ಲೇ ಇರುತ್ತಾನೆ. ದೇಹದಿಂದ ದೇಹಕ್ಕೆ, ಊಟದಿಂದ ಊಟಕ್ಕೆ ಈ ಲೆಕ್ಕ ಏರುಪೇರಾಗುತ್ತದೆ. ಹಾಗಾಗಿಯೇ ಯಾರೂ ತಮ್ಮ ರಕ್ತವನ್ನು ತಾವೇ ಅಳೆಯಲಾರರು.

ಇಲ್ಲಿ ಬಾಬಾಸಾಹೇಬರು ನೆನಪಾಗುತ್ತಾರೆ. 1936ರ "ಜಾತಿ ವಿನಾಶ"ದಲ್ಲಿ ಅವರು ನಿಯಮ ಮತ್ತು ತತ್ವ ಇವೆರಡನ್ನೂ ಬೇರೆ ಮಾಡಿ ತೋರಿಸಿದರು. ನಿಯಮ "ಇದನ್ನು ಹೀಗೆ ಮಾಡು" ಎನ್ನುತ್ತದೆ. ತತ್ವ ನಮ್ಮ ಕೈಗೆ ಒಂದು ಅಳತೆಗೋಲು ಕೊಟ್ಟು, ವಿಚಾರ ಮಾಡಿ ನಡೆಯುವ ಹೊಣೆಯನ್ನು ನಮಗೇ ಬಿಡುತ್ತದೆ. ಮೂವತ್ತು ಮಿಲಿಗ್ರಾಂ ನಿಯಮ. ಐದನೆಯ ಶೀಲ ತತ್ವ. ಆ ಶೀಲದ ಪಾಲಿ ಪಾಠದಲ್ಲಿ ಹೆಂಡದ ಹೆಸರಿನ ಜೊತೆಗೇ "ಪಮಾದಟ್ಠಾನ" ಎಂಬ ಪದ ಇದೆ. ಕನ್ನಡದಲ್ಲಿ ಪ್ರಮಾದ ಎಂದರೆ ದೊಡ್ಡ ತಪ್ಪು ಎಂದು ತಿಳಿಯುತ್ತೇವೆ. ಪಾಲಿಯಲ್ಲಿ ಪಮಾದ ಎಂದರೆ ಎಚ್ಚರ ತಪ್ಪುವುದು, ಮೈಮರೆಯುವುದು. ಆ ಮೈಮರೆವಿಗೆ ಎಡೆಯಾಗುವ ಪದಾರ್ಥದಿಂದ ದೂರ ಇರುತ್ತೇನೆ ಎಂಬುದೇ ನಾವು ಕೊಡುವ ಮಾತು.

ಭಿಕ್ಖು ಸಾಗತರ ಕಥೆ ವಿನಯಪಿಟಕದಲ್ಲಿದೆ. ಭಯಂಕರ ನಾಗನನ್ನು ಪಳಗಿಸಿದ ಕೀರ್ತಿ ಅವರದು. ಕೋಸಂಬಿಯ ಜನ ಸಂತೋಷದಿಂದ ಮನೆಮನೆಯಲ್ಲೂ ಅವರಿಗೆ ಮದ್ಯ ಕೊಟ್ಟರು. ಎಲ್ಲರ ಮನೆಯಲ್ಲೂ ಕುಡಿದ ಸಾಗತರು ಊರ ಬಾಗಿಲಲ್ಲೇ ಬಿದ್ದರು. ಆಗ ಬುದ್ಧರು ಭಿಕ್ಖುಗಳನ್ನು ಕೇಳಿದ ಪ್ರಶ್ನೆಯ ಸಾರ ಇಷ್ಟು: ನಾಗನನ್ನು ಗೆದ್ದ ಈತ ಈಗ ಒಂದು ನೀರೊಳ್ಳೆ ಹಾವನ್ನಾದರೂ ಗೆಲ್ಲಬಲ್ಲನೇ? "ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ, ನನಗೆ ಏರಲ್ಲ" ಎನ್ನುವ ನಮ್ಮ ಅಣ್ಣಂದಿರಿಗೆ ಈ ಪ್ರಶ್ನೆ ಇಂದಿಗೂ ಸಲ್ಲುತ್ತದೆ. ಕುಡಿತ ಮೊದಲು ಕಿತ್ತುಕೊಳ್ಳುವುದು "ನನಗೆ ಏರಿದೆ" ಎಂದು ತಿಳಿಯುವ ಬುದ್ಧಿಯನ್ನೇ. ತೀರ್ಪು ಕೊಡಬೇಕಾದವನೇ ಅಮಲಿನಲ್ಲಿದ್ದರೆ ಮಿತಿ ಕಾಯುವವರು ಯಾರು? ಆದ್ದರಿಂದ ತೀರ್ಮಾನ ಗ್ಲಾಸು ಮುಟ್ಟುವ ಮೊದಲೇ ಆಗಬೇಕು. ಶೀಲ ಎಂದರೆ ಎಚ್ಚರದಲ್ಲಿದ್ದಾಗ ಮೊದಲೇ ಮಾಡಿಟ್ಟ ತೀರ್ಮಾನ.

"ನನ್ನ ದುಡ್ಡು, ನನ್ನ ಕುಡಿತ" ಎಂಬ ಮಾತೂ ಇದೆ. "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಬಾಬಾಸಾಹೇಬರು ಹೇಳುವಂತೆ, ಮನುಷ್ಯ ಒಬ್ಬನೇ ಇದ್ದರೆ ಅವನಿಗೆ ಧಮ್ಮ ಬೇಡ. ಇಬ್ಬರು ಒಟ್ಟಿಗೆ ಬದುಕಬೇಕಾದಾಗ ಧಮ್ಮ ಬೇಕೇ ಬೇಕು. ರಸ್ತೆಯಲ್ಲಿ ಯಾರೂ ಒಬ್ಬನೇ ಇರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಬ್ರೇಕಿನ ಮೇಲೆ ಕಾಲಿಡುವುದು ಅರ್ಧ ಸೆಕೆಂಡ್ ತಡವಾದರೆ ಎಂಟು ಮೀಟರ್ ಮುಂದೆ. ಆ ಎಂಟು ಮೀಟರಿನಲ್ಲಿ ಸಿಗುವವರು ಯಾರು? ರಸ್ತೆ ಬದಿ ನಡೆದು ಬರುವ ಕೂಲಿ ಹೆಂಗಸು, ಸೈಕಲ್ ತುಳಿಯುವ ಹುಡುಗ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕೂತು ಕಬ್ಬು ಕಡಿಯಲು ಹೊರಟವರು. ಕಾರಿನೊಳಗಿನವನಿಗೆ ಏರ್‌ಬ್ಯಾಗ್ ಇದೆ, ಇವರಿಗೆ ಏನಿದೆ? ಹೀಗೆ ನೋಡಿದಾಗ ಐದನೆಯ ಶೀಲ ಮುರಿದ ಜಾಗದಲ್ಲೇ ಮೊದಲನೆಯ ಶೀಲವೂ ಮುರಿಯುತ್ತದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 17ನೆಯದು ಮದ್ಯಪಾನ ಮಾಡುವುದಿಲ್ಲ ಎಂಬುದು. ನಮ್ಮನ್ನು "ಕುಡುಕರ ಕೇರಿ" ಎಂದು ಹೀಯಾಳಿಸಿದ ಸಮಾಜದ ಮುಂದೆ ಅದು ಸ್ವಾಭಿಮಾನದ ಮಾತೂ ಹೌದು. ಹಾಗೆಂದು ಕುಡಿಯುವ ಅಣ್ಣತಮ್ಮಂದಿರನ್ನು ದೂರ ಇಡುವುದು ನಮ್ಮ ದಾರಿಯಲ್ಲ, ದೂರ ಇಡುವುದರ ನೋವು ನಮಗೆ ಗೊತ್ತು. ಅವರ ಜೊತೆ ಕೂತು ಮಾತಾಡೋಣ, ಬಿಡಲು ನೆರವಾಗೋಣ. ಆದರೆ ಕೀ ಮಾತ್ರ ಕೊಡಬಾರದು. ಅದೇ ಮೈತ್ರಿ.

ಏಪ್ರಿಲ್ 14ರ ಬೈಕ್ ರ್‍ಯಾಲಿಯಲ್ಲಿ ನೀಲಿ ಬಾವುಟ ಹಿಡಿದು ಅಮಲಿನಲ್ಲಿ ಗಾಡಿ ಓಡಿಸುವ ಒಬ್ಬನೇ ಒಬ್ಬ ಹುಡುಗ ಕಂಡರೂ ಆ ಬಾವುಟಕ್ಕೆ ನಾವೆಲ್ಲ ಉತ್ತರ ಕೊಡಬೇಕು. ರ್‍ಯಾಲಿ ಹೊರಡುವ ಮೊದಲೇ ಹಿರಿಯರು ಗೇಟಿನಲ್ಲಿ ನಿಂತು, "ತಮ್ಮಾ, ನೀನು ಇವತ್ತು ನಡೆದು ಬಾ" ಎಂದು ಹೇಳುವ ಧೈರ್ಯ ಮಾಡಬೇಕು.

ಇಂದಿನ ಸಂಕಲ್ಪ: ಕುಡಿದು ಗಾಡಿ ಓಡಿಸುವುದಿಲ್ಲ. ಕುಡಿದವರ ಕೈಗೆ ಕೀ ಕೊಡುವುದಿಲ್ಲ. ಕುಡಿದವರ ಹಿಂದೆ ಕೂರುವುದಿಲ್ಲ, ನಮ್ಮ ಮಕ್ಕಳನ್ನು ಕೂರಿಸುವುದಿಲ್ಲ.

ಇದನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಮದುವೆ ಸೀಸನ್ನಿನಲ್ಲಿ ವ್ಯಾನ್ ಬಾಡಿಗೆ ಮಾಡುವ ಬಂಧುಗಳಿಗೂ ತಲುಪಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.