ಕುದುರೆಯ ಐಬು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಬರೀ ಮಕ್ಕಳ ವಿಷಯಕ್ಕೆ ಹೇಳಿದ್ದಲ್ಲ ಎಂದು ನನಗೆ ತಿಳಿದದ್ದು 2025ರ ಮಳೆಗಾಲದಲ್ಲಿ, ನನ್ನ ಮಗ ತನ್ನ ಬೈಕಿಗೆ ಬೆಲೆ ಕಟ್ಟಲು ಕುಳಿತ ದಿನ.

ಅವನಿಗೆ ಪುಣೆಗೆ ವರ್ಗವಾಗಿತ್ತು. ಹಾಸನದ ನಮ್ಮ ಮನೆಯ ಅಂಗಳದಲ್ಲಿ, ನನ್ನ ತುಳಸಿಕಟ್ಟೆಯ ಪಕ್ಕದಲ್ಲೇ ಮೂರೂವರೆ ವರ್ಷ ನಿಂತಿದ್ದ ಆ ವಾಹನ ಇನ್ನು ಮಾರಾಟವಾಗಬೇಕಿತ್ತು. ಅದು ನಾವು ನೀವು ಪೇಟೆಯಲ್ಲಿ ಕಾಣುವಂಥ ಬೈಕಲ್ಲ. 'ಡರ್ಟ್ ಬೈಕ್' ಎನ್ನುತ್ತಾರೆ. ಮಣ್ಣು, ಕೆಸರು, ಕಲ್ಲುಗಳ ಮೇಲೆ ಓಡಿಸಲೆಂದೇ ಮಾಡಿದ್ದು. ಬರೀ ಪಂದ್ಯಕ್ಕೆಂದು ಮಾಡಿದವಕ್ಕೆ ದೀಪವೂ ಇಲ್ಲ, ನಂಬರ್ ಪ್ಲೇಟೂ ಇಲ್ಲ; ಅವು ರಸ್ತೆಗೆ ಬರುವಂತಿಲ್ಲ. ನನ್ನ ಮಗನದು ರಸ್ತೆಗೂ ಕಾಡಿಗೂ ಆಗುವ ಜಾತಿ, ಹೀರೊ ಎಕ್ಸ್‌ಪಲ್ಸ್ 200. ಮುಂದಿನ ಚಕ್ರ 21 ಇಂಚಿನದು. ನನ್ನಂಥ ಕುಳ್ಳಿ ಅದರ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುವುದಿಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿಯಲ್ಲಿ ಓಡಿ ಮುಗಿಸಿದ ಮೊದಲ ಭಾರತೀಯರಾದಾಗ ಇವನು ಹೈಸ್ಕೂಲು ಹುಡುಗ. ಅಂದು ಹತ್ತಿದ ಹುಚ್ಚು 2021ರ ಡಿಸೆಂಬರಿನಲ್ಲಿ ಸಂಬಳದ ಹಣದಿಂದ ಮನೆಗೇ ಬಂದು ನಿಂತಿತು. ಆಮೇಲೆ ಅದಕ್ಕೆ ಸೀಮಂತದ ಬಸುರಿಗೆ ಮಾಡಿದಷ್ಟು ಅಲಂಕಾರ. ಮುಂದಿನ ಫೋರ್ಕು, ಹಿಂದಿನ ಶಾಕ್ ಅಬ್ಸಾರ್ಬರು ಬದಲಾದವು. ಗಡ್ಡೆ ಗಡ್ಡೆಯಾಗಿ ಎದ್ದು ಕಾಣುವ ಟಯರುಗಳು ಬಂದವು. ಹ್ಯಾಂಡಲ್ ಎತ್ತರವಾಯಿತು. ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ಅಲ್ಯೂಮಿನಿಯಂ ತಗಡು ಬಂತು. ಕೊನೆಗೆ ಸೈಲೆನ್ಸರ್. ಹೆಸರಿಗೆ ಮಾತ್ರ ಸೈಲೆನ್ಸರ್. ಅದು ಶುರುವಾದರೆ ಎದುರುಮನೆಯ ಕೂಸು ಬೆಚ್ಚಿ ಅಳುತ್ತಿತ್ತು. ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟವಳು ನಾನು. ಹಳೆಯದನ್ನು ಎಸೆಯದಿರುವುದು ನಮ್ಮ ಹೆಣ್ಣುಮಕ್ಕಳ ಜಾಯಮಾನ.

ಅಂದು ಅವನು ನೋಟ್‌ಬುಕ್ಕಿನಲ್ಲಿ ಬರೆದ ಲೆಕ್ಕ ಹೀಗಿತ್ತು: ಕೊಂಡದ್ದು 1,55,000. ಮೇಲೆ ಹಾಕಿದ್ದು 62,000. ಒಟ್ಟು 2,17,000. "ಹಳೇದಾಯ್ತಲ್ಲಮ್ಮ, ಅರವತ್ತು ಸಾವಿರ ಬಿಟ್ಟುಬಿಡ್ತೀನಿ" ಎಂದು ಧಾರಾಳವಾಗಿ ಹೇಳಿ 1,57,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ವಿಮೆಯ ಕಾಗದ ತೆಗೆದು ನೋಡಿದೆ. ಮೂರು ವರ್ಷ ತುಂಬಿದ ವಾಹನಕ್ಕೆ ವಿಮೆಯವರು ಬೆಲೆಯಲ್ಲಿ ಶೇಕಡ 40 ಕಳೆಯುತ್ತಾರೆ. ಅದರಲ್ಲಿದ್ದದ್ದು 77,000 ಚಿಲ್ಲರೆ. ನಮ್ಮ ಬಡಾವಣೆಯ ಮೆಕ್ಯಾನಿಕ್ಕು ಬಂದು ಸುತ್ತಲೂ ನೋಡಿ, "ಹಳೇ ಸಾಮಾನು ವಾಪಸ್ ಹಾಕಿದ್ರೆ ತೊಂಬತ್ತೈದಕ್ಕೆ ಹೋಗ್ತದೆ. ಹೀಗೇ ಕೊಟ್ರೆ ಎಂಬತ್ತೈದರ ಮೇಲೆ ಯಾರೂ ಕೇಳಲ್ಲ" ಎಂದ.

ಮಗನ ಮುಖ ನೋಡಬೇಕಿತ್ತು. 62,000 ಸುರಿದದ್ದಕ್ಕೆ ಬೆಲೆ ಹತ್ತು ಸಾವಿರ ಇಳಿಯುವುದೇ? ಆದರೆ ಮೆಕ್ಯಾನಿಕ್ಕಿನ ಮಾತಿನಲ್ಲಿ ನ್ಯಾಯವಿತ್ತು. ಇಷ್ಟೆಲ್ಲ ಬದಲಾಯಿಸಿದ ಗಾಡಿಯನ್ನು ನೋಡಿದವನಿಗೆ ಮೊದಲು ಹೊಳೆಯುವುದು, ಇದನ್ನು ಚೆನ್ನಾಗಿ ಕುಣಿಸಿದ್ದಾರೆ ಎಂಬುದು. ಜತೆಗೆ ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಮತ್ತೆ ಎತ್ತಿಹಿಡಿಯಿತು. ಮಗನಿಗೆ ಶೃಂಗಾರವಾದದ್ದು ಕೊಳ್ಳುವವನಿಗೆ ದಂಡದ ರಸೀದಿಯಾಗಬಹುದು.

ಅವನಿಗೆ ನನ್ನ ಕಾಸಿನ ಸರದ ಕತೆ ಹೇಳಿದೆ. ಅವನ ಕಾಲೇಜು ಫೀಜಿಗೆಂದು ಅದನ್ನು ಮಾರಲು ಹೋದಾಗ ಅಂಗಡಿಯವರು ಕೆಂಪುಕಲ್ಲಿನ ತೂಕ ಕಳೆದರು, ಅರಗಿನ ತೂಕ ಕಳೆದರು. ಮಾಡಿಸಿದಾಗ ಕೊಟ್ಟ ಮಜೂರಿಯ ಸುದ್ದಿಯನ್ನೇ ಎತ್ತಲಿಲ್ಲ. ಅಂದು ನನಗೂ ಕಣ್ಣಲ್ಲಿ ನೀರು ಬಂದಿತ್ತು. ಈಗ ಯೋಚಿಸಿದರೆ, ಆ ಸರ ಹಾಕಿಕೊಂಡು ನಾನು ಎಷ್ಟು ಮದುವೆಮನೆಗಳಲ್ಲಿ ಬೀಗುತ್ತ ಓಡಾಡಿಲ್ಲ! ಮಜೂರಿ ಅಲ್ಲೇ ತೀರಿಹೋಗಿತ್ತು. ನಾವು ಉಂಡ ಸಂತೋಷಕ್ಕೆ ಇನ್ನೊಬ್ಬರು ಯಾಕೆ ಬಿಲ್ಲು ಕಟ್ಟಬೇಕು? "ಬಿಸಿಲೆ ಘಾಟಿನ ಮಂಜಿನಲ್ಲಿ ನೀನು ಓಡಿಸಿದೆಯಲ್ಲ, ಅದರ ಬೆಲೆ ಆ ಅರವತ್ತೆರಡು ಸಾವಿರ" ಎಂದೆ. ಅವನು ಉತ್ತರಿಸಲಿಲ್ಲ. ರಾತ್ರಿ ನೋಡಿದರೆ ಎರಡು ಗೆರೆಯ ಮೇಲಿನ ಅಂಕಿಗೆ ಕಾಟು ಬಿದ್ದಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮಗನಿಗೆ ಬುದ್ಧಿ ಹೇಳಿದ ತಾಯಿಯೆಂದು ಬೀಗಿಕೊಂಡು ಇರುತ್ತಿದ್ದೆ. ಆದರೆ ಆ ಲೆಕ್ಕದಲ್ಲಿ ನಾವಿಬ್ಬರೂ ಬರೆಯದೆ ಬಿಟ್ಟ ಒಂದು ಬಾಬತ್ತಿತ್ತು.

2023ರಲ್ಲಿ ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ಅಭ್ಯಾಸ ಮಾಡುವಾಗ ಅವನು ಗಾಡಿಸಮೇತ ಕಾಲುವೆಗೆ ಹಾರಿ ಬಿದ್ದಿದ್ದ. ದೇವರ ದಯೆ, ಅವನಿಗೆ ತರಚು ಗಾಯವಷ್ಟೇ. ಆದರೆ ಹ್ಯಾಂಡಲ್ಲಿನ ಬುಡದಲ್ಲಿ ಚಾಸಿ ಬಿರುಕುಬಿಟ್ಟಿತ್ತು. ಬೆಸುಗೆ ಹಾಕಿಸಿ ಮೇಲೆ ಬಣ್ಣ ಹೊಡೆಸಿದ. ಆಮೇಲೆ ಅವನು ಅದನ್ನು ರಸ್ತೆಯಲ್ಲಿ ಓಡಿಸಿದನೇ ಹೊರತು ಹಾರಿಸಲಿಲ್ಲ. "ಊರೊಳಗೆ ಓಡಾಡೋಕೆ ಏನೂ ತೊಂದರೆಯಿಲ್ಲ. ಹಾರ್ಸಿ ಇಳ್ಸೋದಾದ್ರೆ ನಾನು ಮಾತು ಕೊಡಲ್ಲ" ಎಂದು ಮೆಕ್ಯಾನಿಕ್ಕು ಅಂದೇ ಹೇಳಿದ್ದ.

ಮೊದಲು ವಿಚಾರಿಸಿದವನು ಬೆಂಗಳೂರಿನ ಒಬ್ಬ ಹುಡುಗ. ಫೋಟೋ ನೋಡಿಯೇ ಮರುಳಾಗಿ ಫೋನಿನಲ್ಲೇ 1,20,000 ಎಂದ. ಬಿದ್ದಿದೆಯಾ ಎಂದು ಅವನು ಕೇಳಲಿಲ್ಲ, ಮಗ ಹೇಳಲಿಲ್ಲ. "ಕೊಳ್ಳೋನು ಕಣ್ಣು ಬಿಟ್ಟು ನೋಡಿ ಕೊಳ್ಳಬೇಕು" ಎಂದರು ನಮ್ಮನೆಯವರು, ಪೇಪರಿನಿಂದ ತಲೆಯೆತ್ತದೆ. ನಾನು? ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಎಲ್ಲವೂ ಕಿವಿಗೆ ಬಿದ್ದಿತ್ತು. ಸಾಸಿವೆ ಸಿಡಿಯುವ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಪಾಠ ಮಾಡಿದವಳು ನಾನು. 1872ರ ಭಾರತೀಯ ಕರಾರು ಕಾಯಿದೆಯಲ್ಲಿ, ಮೋಸವೆಂದರೇನು ಎಂದು ಹೇಳುವ 17ನೆಯ ಕಲಮಿಗೆ ಕುದುರೆಯ ಉದಾಹರಣೆಗಳಿವೆ. ಪ್ರತಿವರ್ಷವೂ ನಾನು ಹಲಗೆಯ ಮೇಲೆ ಸೊಟ್ಟ ಕುದುರೆ ಬರೆದು ಹುಡುಗಿಯರನ್ನು ನಗಿಸುತ್ತಿದ್ದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಐಬಿದೆಯೆಂದು ಅವನಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಅದು ಮೋಸವಲ್ಲ ಎನ್ನುತ್ತದೆ ಕಾಯಿದೆ. ಎರಡನೆಯದು: ಕೊಳ್ಳುವವಳು ಅವನ ಮಗಳೇ, ಈಗಷ್ಟೇ ಪ್ರಾಯಕ್ಕೆ ಬಂದವಳು. ಆಗ ಐಬನ್ನು ಹೇಳುವುದು ಅವನ ಕರ್ತವ್ಯ. ಮೂರನೆಯದು: ಕೊಳ್ಳುವವನು "ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಅಲ್ಲಿ ಮೌನವೇ ಮಾತು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಅದು ನನ್ನ ಅಂಗಳಕ್ಕೇ ಬಂದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ.

ಬೆಂಗಳೂರಿನ ಹುಡುಗನಿಗೆ ಬೇರೆ ಗಾಡಿ ಸಿಕ್ಕಿತಂತೆ, ಬರಲಿಲ್ಲ. ಒಂದು ಭಾನುವಾರ ಬಂದವರು ತಾಯಿ, ಮಗಳು. ಮಗಳಿಗೆ ಹತ್ತೊಂಬತ್ತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಗೆದ್ದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡವಳು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಎರಡು ವರ್ಷ ಕಟ್ಟಿದ ಚೀಟಿ ಎತ್ತಿ ತಂದಿದ್ದರು. ಹುಡುಗಿ ಗಾಡಿಯ ಸುತ್ತ ಬರುವುದನ್ನು ನೋಡಿದರೆ, ಸಂತೆಯಲ್ಲಿ ಬಳೆ ನೋಡುವ ಮಕ್ಕಳ ನೆನಪಾಗುತ್ತಿತ್ತು. "ಆಂಟಿ, ಇದ್ರಲ್ಲಿ ಜಂಪ್ ಕಲೀಬಹುದು ಅಲ್ವಾ?" ಎಂದಳು.

ಕಾಫಿ ಲೋಟ ಕೆಳಗಿಡುತ್ತ ಆ ತಾಯಿ ಹೇಳಿದರು: "ನಂಗೆ ಗಾಡಿ ವಿಷ್ಯ ಏನೂ ಗೊತ್ತಿಲ್ಲ ಮೇಡಂ. ಪಾಠ ಹೇಳಿದೋರು ನೀವು. ಏನಾದ್ರೂ ಐಬಿದ್ರೆ ಹೇಳ್ದೆ ಇರ್ತೀರಾ ಅಂತ ಧೈರ್ಯವಾಗಿ ಬಂದೆ."

ಎರಡನೆಯ ಉದಾಹರಣೆ, ಮೂರನೆಯ ಉದಾಹರಣೆ, ಎರಡೂ ನನ್ನೆದುರಿಗೆ ಕಾಫಿ ಕುಡಿದು ಕುಳಿತಿದ್ದವು. ಮಗನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ನಾನೇ ಎದ್ದು ಹೋಗಿ ಹ್ಯಾಂಡಲ್ಲಿನ ಬುಡ ತೋರಿಸಿ, ಬಿದ್ದದ್ದು, ಬಿರುಕುಬಿಟ್ಟದ್ದು, ಬೆಸೆದದ್ದು, ಮೆಕ್ಯಾನಿಕ್ಕು ಅಂದದ್ದು ಎಲ್ಲ ಹೇಳಿದೆ. ಹುಡುಗಿಯ ಮುಖ ಬಾಡಿತು. ತಾಯಿ ನನ್ನ ಕೈ ಹಿಡಿದುಕೊಂಡು, ಏನೂ ಹೇಳದೆ ಹೊರಟರು.

ಅಂದು ಮಗ ಊಟಕ್ಕೆ ಕೂರಲಿಲ್ಲ. "ನಿಮ್ಮ ಕಾಯಿದೇನೇ ಮೋಸ ಅಲ್ಲ ಅನ್ನುತ್ತಲ್ಲಮ್ಮ" ಎಂದ. ಹೌದು, ಹೇಳುತ್ತದೆ. ಕಾಯಿದೆ ಶಿಕ್ಷೆಯ ಗೆರೆ ಎಳೆಯುತ್ತದೆ. ನಡತೆಯ ಗೆರೆ ಎಳೆಯುವ ಕೆಲಸವನ್ನು ನಮಗೇ ಬಿಟ್ಟಿದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ತಂದದ್ದು ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದದ್ದನ್ನು ಆಯ್ದು ತಂದದ್ದು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಅವಳು ವಾಪಸು ಸುರಿದು ಬಾ ಎಂದಳು. ಕದ್ದೆಯಾ ಎಂಬುದಲ್ಲ, ಇದು ನಮಗೆ ಸಲ್ಲತಕ್ಕದ್ದೇ ಎಂಬುದು ಅವಳ ಚಿಂತೆ. ಬೆಸುಗೆಯನ್ನು ಮುಚ್ಚಿಟ್ಟು ಪಡೆಯುವ ಮೂವತ್ತು ನಲವತ್ತು ಸಾವಿರ ನಮ್ಮ ಗಾಡಿಯ ಬೆಲೆಯಲ್ಲ, ಇನ್ನೊಬ್ಬರ ಅಜ್ಞಾನದ ಬೆಲೆ. ಅದು ನಮಗೆ ಸಲ್ಲುವುದಿಲ್ಲ.

ಮಗನಿಗೆ ಹೀಗೆಲ್ಲ ಹೇಳಿದೆ. ಆದರೆ ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಆ ತಾಯಿಯ ಮುಂದೆ ಬಾಯಿಬಿಟ್ಟವಳು ಫೋನಿನ ಹುಡುಗನ ವಿಷಯದಲ್ಲಿ ಯಾಕೆ ಬಿಡಲಿಲ್ಲ? ಅವನಿಗೂ ಬೆಂಗಳೂರಿನಲ್ಲೋ ಇನ್ನೆಲ್ಲೋ ಒಬ್ಬ ತಾಯಿ ಇರಲಿಲ್ಲವೇ? ಅವನೂ ಅದನ್ನು ಹಾರಿಸುತ್ತಿರಲಿಲ್ಲವೇ? ನನ್ನ ಅಂಗಳಕ್ಕೆ ಬಂದು ಕಾಫಿ ಕುಡಿದವರಿಗೆ ಮಾತ್ರ ಸತ್ಯ, ಮುಖ ಕಾಣದವರಿಗೆ ಮೌನ ಎನ್ನುವುದಾದರೆ, ಅದು ಸತ್ಯವಂತಿಕೆಯಲ್ಲ, ಮುಖದಾಕ್ಷಿಣ್ಯ. ಕಾಯಿದೆ ಮಗಳನ್ನು ಉದಾಹರಣೆಗೆ ತಂದದ್ದು ತಪ್ಪಲ್ಲ. ಯಾರು ಯಾರನ್ನು ಮಗಳ ಸಾಲಿಗೆ ಸೇರಿಸಿಕೊಳ್ಳುತ್ತೇವೆ ಎಂಬುದರಲ್ಲೇ ನಮ್ಮ ಪರೀಕ್ಷೆಯಿದೆ. ಆ ಹುಡುಗ ಬಾರದೆ ಹೋದದ್ದು ನನ್ನ ಪುಣ್ಯ. ನನ್ನ ಗುಣವಲ್ಲ.

ಮುಂದಿನದನ್ನು ಮಗನೇ ಮಾಡಿದ. ಅಟ್ಟದ ಗೋಣಿಚೀಲ ಇಳಿಯಿತು. ಎರಡು ಭಾನುವಾರ ಮೆಕ್ಯಾನಿಕ್ಕಿನ ಜತೆ ಕುಳಿತು ಹಾಕಿಸಿದ್ದನ್ನೆಲ್ಲ ಬಿಚ್ಚಿ ಮೂಲ ಭಾಗಗಳನ್ನು ಜೋಡಿಸಿದ. ಬಿಚ್ಚಿದ ಫೋರ್ಕು, ಶಾಕ್ ಅಬ್ಸಾರ್ಬರು, ಹ್ಯಾಂಡಲ್, ತಗಡು ಎಲ್ಲ ಸೇರಿ 22,000ಕ್ಕೆ ಹೋದವು. ಕೊಂಡವಳು ಅದೇ ಹುಡುಗಿ. ಬೇರೆ ಕಡೆ ಚಾಸಿ ಗಟ್ಟಿಯಿರುವ ಒಂದು ಹಳೆಯ ಗಾಡಿ ಸಿಕ್ಕಿತ್ತು ಅವಳಿಗೆ. ಅಭ್ಯಾಸದ ಮೈದಾನದಲ್ಲಿ ಬಳಸಲೆಂದು ಇವನ್ನು ಕೊಂಡಳು. ಸವೆದ ಟಯರುಗಳನ್ನು ಮಗ ಹಾಗೇ ಕೊಟ್ಟ. ಬೈಕು 58,000ಕ್ಕೆ ಪಕ್ಕದ ಹಳ್ಳಿಯ ಹಾಲಿನವರಿಗೆ ಹೋಯಿತು. ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಿಬರಲು ಅದು ಸಾಕು ಎಂದರು ಅವರು, ಬೆಸುಗೆಯನ್ನು ಕೈಯಿಂದ ಮುಟ್ಟಿ ನೋಡಿ. ಒಟ್ಟು 80,000. ಮೆಕ್ಯಾನಿಕ್ಕಿನ ಬಾಯಿಂದ ಮೊದಲೇ ಬಂದಿದ್ದ ಅಂಕಿಗಿಂತ ಬಹಳ ದೂರವೇನಲ್ಲ.

ವರ್ಗಾವಣೆಯ 29, 30ನೆಯ ನಮೂನೆಗಳಿಗೆ ಸಹಿ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ. ಹಣ ಪಡೆದ ರಸೀದಿಯ ಕೆಳಗೆ ಮಗ, ಯಾರೂ ಹೇಳದೆ, ಇನ್ನೊಂದು ಸಾಲು ಬರೆದ: 'ಹ್ಯಾಂಡಲ್ ಬುಡದಲ್ಲಿ ಚಾಸಿಗೆ 2023ರಲ್ಲಿ ಬೆಸುಗೆ ಹಾಕಿಸಿದೆ, ಹಾರಿಸಬಾರದು.' ಹಾಲಿನವರು ನಕ್ಕು, "ನಾನೇನ್ ಹಾರ್ಸ್ತೀನಿ ಸ್ವಾಮಿ, ಹಾಲು ಚೆಲ್ಲೋದಿಲ್ವಾ" ಎಂದರು. "ನೀವು ಹಾರಿಸಲ್ಲ. ನಿಮ್ಮಿಂದ ಮುಂದೆ ಯಾರು ಕೊಳ್ತಾರೋ, ಅವರಿಗೆ" ಎಂದ ಮಗ.

ಆ ಸೈಲೆನ್ಸರ್ ಮಾತ್ರ ಅಟ್ಟದ ಮೇಲೆ ಉಳಿದಿದೆ. ರಸ್ತೆಗೆ ಹಾಕುವಂತಿಲ್ಲ, ಮಾರಲು ಇವನಿಗೆ ಮನಸ್ಸಿಲ್ಲ. ದಸರೆಗೆ ಬೊಂಬೆ ಇಳಿಸುವಾಗ ಕೈಗೆ ತಗಲುತ್ತದೆ. ಎದುರುಮನೆಯ ಕೂಸು ಈಗ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತದೆ.