ದಿನಗಳ ಲೆಕ್ಕ, ಮನಸ್ಸಾಕ್ಷಿಯ ಲೆಕ್ಕ



ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಕೆನಡಾದಲ್ಲಿ ನೆಲೆಸಿದ್ದಾರೆ. ಹಲವರಿಗೆ ಅಲ್ಲಿನ ಪೌರತ್ವ ಇನ್ನೂ ಸಿಕ್ಕಿಲ್ಲ. ಕೈಯಲ್ಲಿರುವುದು ಖಾಯಂ ನಿವಾಸಿಯ ಕಾರ್ಡು. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಕಳೆದ 5 ವರ್ಷಗಳಲ್ಲಿ ದೇಶದ ಹೊರಗೆ ಎಷ್ಟು ದಿನ ಇದ್ದಿರಿ, ಏಕೆ ಇದ್ದಿರಿ ಎಂದು ಅರ್ಜಿ ಕೇಳುತ್ತದೆ. ಈ ಸರಳ ಪ್ರಶ್ನೆ ಕೆಲವರ ನಿದ್ದೆ ಕೆಡಿಸುತ್ತದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ವಿವಾಹದ ಸರ್ಟಿಫಿಕೇಟು ಕಳೆದುಹೋದರೆ ವಿವಾಹ ಮುರಿದುಬೀಳುವುದಿಲ್ಲ. ಹಾಗೆಯೇ ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಖಾಯಂ ನಿವಾಸಿಯ ಸ್ಥಾನ ರದ್ದಾಗುವುದಿಲ್ಲ. ಹೊರದೇಶದಿಂದ ವಿಮಾನದಲ್ಲಿ ಹಿಂದಿರುಗಲು ಕಾರ್ಡು ಬೇಕು, ಇಲ್ಲವೇ ವೀಸಾ ಕಚೇರಿ ಕೊಡುವ ಪ್ರಯಾಣಪತ್ರ ಬೇಕು. ಆದರೆ ಸ್ಥಾನವನ್ನು ಉಳಿಸುವುದು ಕಾರ್ಡಲ್ಲ, ವಾಸ. 2002ರಲ್ಲಿ ಜಾರಿಗೆ ಬಂದ ಕಾನೂನಿನಂತೆ 5 ವರ್ಷದ ಅವಧಿಯಲ್ಲಿ ಕನಿಷ್ಠ 730 ದಿನ ಅಲ್ಲಿರಬೇಕು. ಪೌರತ್ವ ಪಡೆದ ಪತಿ ಅಥವಾ ಪತ್ನಿಯ ಜೊತೆ ಹೊರಗಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಸುಮಾರು 3 ವರ್ಷದ ಗೈರುಹಾಜರಿಯನ್ನು ಸಹಿಸುವ ಈ ಕಾನೂನನ್ನು ಕ್ರೂರವೆನ್ನಲಾದೀತೇ?

ಆದರೂ ಕಷ್ಟ ಬರುತ್ತದೆ. ಊರಿನಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯುತ್ತದೆ. ತಾಯಿ ಒಬ್ಬರಿಂದಲೇ ಆಗದು. ಎರಡು ತಿಂಗಳಿಗೆಂದು ಬಂದ ಮಗ ವರ್ಷಗಟ್ಟಲೆ ನಿಲ್ಲುತ್ತಾನೆ. ದಿನಗಳು ಸಾಲದಾಗುತ್ತವೆ. ಆಗ ಯಾರೋ ಕಿವಿಯಲ್ಲಿ ಹೇಳುತ್ತಾರೆ: "ಗೆಳೆಯನ ವಿಳಾಸ ಕೊಡು, ಅಲ್ಲೇ ಇದ್ದೆ ಎಂದು ಬರೆ, ಯಾರು ನೋಡುತ್ತಾರೆ?" ಕೆನಡಾದಲ್ಲೇ ಗಿರಾಕಿಗಳ ಪಾಸ್‌ಪೋರ್ಟುಗಳಲ್ಲಿ ಸುಳ್ಳು ಮುದ್ರೆ ಒತ್ತುತ್ತಿದ್ದ ಏಜೆಂಟನೊಬ್ಬನಿಗೆ 2015ರಲ್ಲಿ 7 ವರ್ಷ ಸೆರೆವಾಸವಾಯಿತು. ಅವನ ನೂರಾರು ಗಿರಾಕಿಗಳ ಮೇಲೂ ತನಿಖೆ ನಡೆಯಿತು.

ಸಿಕ್ಕಿಬೀಳುವ ಭಯವನ್ನು ಬದಿಗಿಡೋಣ. ತಂದೆಯ ಸೇವೆಗಾಗಿ ಹೇಳಿದ ಸುಳ್ಳೂ ತಪ್ಪೇ? ಉದ್ದೇಶ ಒಳ್ಳೆಯದಲ್ಲವೇ? ಸಂತ ತೋಮಸ್ ಅಕ್ವಿನಾಸರು ಸತ್ಯವಂತಿಕೆಯನ್ನು ನ್ಯಾಯದ ಜೊತೆ ಸೇರಿಸುತ್ತಾರೆ. ಪರಸ್ಪರ ನಂಬಿಕೆಯಿಲ್ಲದೆ ಜನ ಒಟ್ಟಿಗೆ ಬಾಳಲಾರರು. ಆದುದರಿಂದ ಸತ್ಯವು ನಾವು ಇನ್ನೊಬ್ಬರಿಗೆ ಸಲ್ಲಿಸಬೇಕಾದ ಋಣ. ನಮ್ಮ ಪರಿಚಯವಿಲ್ಲದ ಅಧಿಕಾರಿಯ ಮುಂದೆ ನಮ್ಮ ಮಾತೇ ಆಧಾರ. ನಾವು ಸುಳ್ಳಾಡಿದರೆ, ನಾಳೆ ನಿಜ ಹೇಳಲು ಬರುವ ನಮ್ಮದೇ ಊರಿನ ಇನ್ನೊಬ್ಬನನ್ನೂ ಅನುಮಾನದಿಂದ ನೋಡುತ್ತಾರೆ.

ಇನ್ನೂ ಒಂದು ಮಾತಿದೆ. ದಿನಗಳು ಸಾಲದಿದ್ದರೂ ಮಾನವೀಯ ಕಾರಣಗಳನ್ನು ಪರಿಗಣಿಸಲು ಅದೇ ಕಾನೂನು ಅವಕಾಶ ಕೊಟ್ಟಿದೆ. ಮಕ್ಕಳ ಹಿತವನ್ನೂ ನೋಡಬೇಕೆನ್ನುತ್ತದೆ. ವೈದ್ಯರ ಪತ್ರ, ಆಸ್ಪತ್ರೆಯ ಬಿಲ್ಲು, ಪ್ರಯಾಣದ ಟಿಕೆಟು ಎಲ್ಲವೂ ಸಾಕ್ಷಿಯಾಗಬಲ್ಲವು. ಆದರೆ ಕೆನಡಾದಲ್ಲೇ ಇದ್ದೆನೆಂದು ಬರೆದವನು ಇವುಗಳನ್ನೆಲ್ಲ ಬಚ್ಚಿಡಬೇಕು! ತನ್ನ ಬದುಕಿನ ಅತ್ಯುತ್ತಮ ಕಾರ್ಯವನ್ನೇ, ತಂದೆಯ ಹಾಸಿಗೆಯ ಬಳಿ ಕಳೆದ ರಾತ್ರಿಗಳನ್ನೇ, ಅಪರಾಧದಂತೆ ಮುಚ್ಚಿಡಬೇಕು.

ನಿಜ ಹೇಳಿದವರಿಗೆಲ್ಲ ಅನುಕೂಲವಾಗುತ್ತದೆಂದು ಹೇಳಲಾರೆ. ಅಧಿಕಾರಿ ಒಪ್ಪದಿರಬಹುದು, ಮೇಲ್ಮನವಿಯೂ ಸೋಲಬಹುದು. ಆಗಿನ ನಷ್ಟ ದೊಡ್ಡದೇ. ಆದರೆ ಅದು ಪ್ರೀತಿಗೆ ತೆತ್ತ ಬೆಲೆ. ಅದಕ್ಕಾಗಿ ತಲೆ ತಗ್ಗಿಸಬೇಕಾಗಿಲ್ಲ.

ಊರಿನಲ್ಲಿರುವ ನಾವು ಈ ಬೆಲೆಯನ್ನು ಹಂಚಿಕೊಳ್ಳಬಹುದು. "ಇನ್ನೊಂದು ತಿಂಗಳು ನಿಲ್ಲು" ಎಂದು ಒತ್ತಾಯಿಸುವ ಮೊದಲು "ನಿನಗೆ ಇನ್ನೆಷ್ಟು ದಿನ ಉಳಿದಿದೆ?" ಎಂದು ಕೇಳೋಣ. ಅಣ್ಣ ತಮ್ಮ, ಅಕ್ಕ ತಂಗಿಯರು ಸರದಿಯಂತೆ ಸೇವೆ ಮಾಡಿದರೆ ಯಾರೊಬ್ಬರೂ ಸುಳ್ಳಿನ ಹೊಸ್ತಿಲಿಗೆ ಬಂದು ನಿಲ್ಲಬೇಕಾಗದು.