ಅಮೃತಮತಿಯ ಮನಸ್ಸು: ಯಶೋಧರನ ಕಥೆ ಕೇಳದೆ ಬಿಟ್ಟ ಪ್ರಶ್ನೆ

ಯಶೋಧರನ ಕಥೆಯ ರಾಣಿ ಅಮೃತಮತಿಯಷ್ಟು ಬೈಸಿಕೊಂಡ ನಾಯಕಿಯರು ನಮ್ಮ ಹಳೆಯ ಸಾಹಿತ್ಯದಲ್ಲಿ ಕಡಿಮೆ. ಉಜ್ಜಯಿನಿಯ ಅರಮನೆಯಲ್ಲಿ ರಾಜನ ಮಗ್ಗುಲಲ್ಲಿ ಮಲಗಿದ್ದವಳು ಆನೆಲಾಯದ ಕುರೂಪಿ ಮಾವುತನಿಗೆ ಮನಸೋತಳು, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದು ನರಕಕ್ಕೆ ಹೋದಳು ಎನ್ನುವುದು ಅವಳ ಬಗ್ಗೆ ಎಲ್ಲರೂ ಬಲ್ಲ ಮಾತು. ಕಥೆಯ ಉಳಿದ ಭಾಗ ಅದ್ಭುತಗಳಿಂದ ತುಂಬಿದೆ. ಹಿಟ್ಟಿನ ಕೋಳಿ ಕೂಗುತ್ತದೆ, ಸತ್ತ ರಾಜ ನವಿಲಾಗಿ, ಮೀನಾಗಿ, ಆಡಾಗಿ ಹುಟ್ಟುತ್ತಾನೆ, ಹಿಂದಿನ ಜನ್ಮಗಳ ನೆನಪು ಪ್ರಾಣಿಗಳಿಗೂ ಮರುಕಳಿಸುತ್ತದೆ. ಜೈನ ಕವಿಗಳು ಅಹಿಂಸೆಯ ತತ್ತ್ವವನ್ನು ಹೇಳಲು ಶತಮಾನಗಟ್ಟಲೆ ಈ ಕಥೆಯನ್ನೇ ಆರಿಸಿಕೊಂಡರು. ಕರ್ಮಕ್ಕೆ ಮೂಲ ಮನಸ್ಸಿನ ಭಾವವೇ ಎಂದು ಸಾರುವ ಈ ಕಥೆ ರಾಣಿಯ ಭಾವವನ್ನು ವಿಚಾರಿಸಿತೇ ಎಂಬುದು ಧಾರ್ಮಿಕವಾಗಿಯೂ ಗಂಭೀರವಾದ ಪ್ರಶ್ನೆ.

ಕನ್ನಡ ಓದುಗರಿಗೆ ಈ ಕಥೆ ಪರಿಚಿತವಾಗಿರುವುದು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ 'ಯಶೋಧರಚರಿತೆ'ಯಿಂದ. ಅದಕ್ಕೂ ಎರಡು ಶತಮಾನ ಮೊದಲು ಈ ಕಥೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾವ್ಯರೂಪ ಪಡೆದಿತ್ತು. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಈಗ ಅಲ್ಲಿ ಹಾಳುಬಿದ್ದ ಕೋಟೆ, ನೇಮಿನಾಥ ಬಸದಿ ಉಳಿದಿವೆ, ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದಿವೆ. ಮೂರನೆಯ ಕೃಷ್ಣನ ಕಾಲದಲ್ಲಿ ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತ ಇಲ್ಲಿಗೆ ಬಂದ. ಅರಸರ ತಿರಸ್ಕಾರದಿಂದ ನೊಂದು ಅಲೆಯುತ್ತ ಬಂದವನು ಊರ ಹೊರಗಿನ ತೋಟದಲ್ಲಿ ಉಳಿದಿದ್ದ ಎಂದು ಅವನ ಕಾವ್ಯವೇ ಹೇಳುತ್ತದೆ. ಮಂತ್ರಿ ಭರತ ಅವನನ್ನು ಮನೆಗೆ ಕರೆಸಿ ಗೌರವಿಸಿದ. ಆ ಆಶ್ರಯದಲ್ಲಿ 'ಮಹಾಪುರಾಣ' 965ರ ಹೊತ್ತಿಗೆ ಮುಗಿಯಿತು. ಆಮೇಲೆ ಭರತನ ಮಗ ನನ್ನನ ಆಶ್ರಯದಲ್ಲಿ ಪುಷ್ಪದಂತ ಬರೆದದ್ದು 'ಜಸಹರಚರಿಉ', ಅಂದರೆ ಯಶೋಧರನ ಚರಿತೆ. ರಾಷ್ಟ್ರಕೂಟರ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಸೋಮದೇವಸೂರಿ ಇದೇ ಕಥೆಯನ್ನು ಸಂಸ್ಕೃತದಲ್ಲಿ 'ಯಶಸ್ತಿಲಕ' ಚಂಪುವಾಗಿ 959ರಲ್ಲಿ ಮುಗಿಸಿದ್ದ. ಒಂದೇ ಸಾಮ್ರಾಜ್ಯದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ಇಬ್ಬರು ದೊಡ್ಡ ಕವಿಗಳು ಈ ರಾಣಿಯ ಕಥೆಗೆ ಕೈಹಾಕಿದ್ದರು. ತಿರಸ್ಕಾರದ ನೋವನ್ನು ಸ್ವತಃ ಉಂಡಿದ್ದ ಪುಷ್ಪದಂತನೂ ಅವಳನ್ನು ದೂಷಣೆಯಿಂದ ಪಾರುಮಾಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಅಮೃತಮತಿಯ ಮನಸ್ಸಿಗೆ ಅತಿ ಹತ್ತಿರ ಹೋದವನು ಜನ್ನ. ಅವನ ಕಾವ್ಯದಲ್ಲಿ ರಾಜ ರಾಣಿಯರ ಅನುರಾಗಕ್ಕೆ ಮೇಲುನೋಟಕ್ಕೆ ಕೊರತೆಯಿಲ್ಲ. ಯಶೋಧರ ಅವಳ ರೂಪಕ್ಕೆ ಸೋತವನು, ಅವಳನ್ನು ಬಿಟ್ಟಿರಲಾರದವನು. ಒಂದು ರಾತ್ರಿ ರಾಜನ ತೋಳಿನಲ್ಲಿ ಮಲಗಿದ್ದಾಗ ಅವಳಿಗೆ ಎಚ್ಚರವಾಗುತ್ತದೆ. ಬೆಳಗಿನ ಜಾವದ ಮೌನದಲ್ಲಿ ಗಜಶಾಲೆಯ ಕಡೆಯಿಂದ ಒಂದು ಹಾಡು ತೇಲಿಬರುತ್ತದೆ. ಹಾಡುವವನ ಮುಖ ಅವಳು ಕಂಡಿಲ್ಲ, ಹೆಸರು ಗೊತ್ತಿಲ್ಲ. ನೋಡುವ ಮೊದಲೇ ಮನಸ್ಸು ಹೋಗಿರುತ್ತದೆ. ಮರುದಿನ ನೋಡಿಬರಲು ಕಳಿಸಿದ ಸಖಿ ಅಸಹ್ಯಪಟ್ಟುಕೊಂಡು ಹಿಂತಿರುಗಿ, ಹಾಡಿದ ಮಾವುತ ಅಷ್ಟಾವಂಕನ ಸೊಟ್ಟ ಮೈಯನ್ನು ಅಂಗಾಂಗವಾಗಿ ವರ್ಣಿಸಿ ಹೇಳುತ್ತಾಳೆ. ರಾಣಿ ಕದಲುವುದಿಲ್ಲ. ಒಲಿದ ಮೇಲೆ ರೂಪದ ಮಾತೇಕೆ ಎನ್ನುವುದು ಅವಳ ನಿಲುವು.

ಇದನ್ನು ಕಾಮದ ಹುಚ್ಚಾಟ ಎಂದು ಸಂಪ್ರದಾಯದ ಓದು ಬದಿಗಿಟ್ಟಿದೆ. ಆದರೆ ಈ ಪ್ರಸಂಗದಲ್ಲಿ ಒಂದು ಸೂಕ್ಷ್ಮವಿದೆ. ಯಶೋಧರನ ಪ್ರೀತಿ ಪೂರ್ತಿಯಾಗಿ ಕಣ್ಣಿನದು. ರಾಣಿ ಅವನಿಗೆ ನೋಡುವ ವಸ್ತು, ಮುದ್ದಿಸುವ ವಸ್ತು. ಅವಳನ್ನು ಕದಲಿಸಿದ್ದು ಮಾತ್ರ ಕಿವಿಯಿಂದ ಒಳಗಿಳಿದದ್ದು. ಹೊಗಳಿಸಿಕೊಳ್ಳುವುದು ಬೇರೆ, ಅರ್ಥಮಾಡಿಸಿಕೊಳ್ಳುವುದು ಬೇರೆ. ಭಾವನಾತ್ಮಕ ನಿರ್ಲಕ್ಷ್ಯ ಎಂದು ಇಂದಿನ ಮನಶ್ಶಾಸ್ತ್ರ ಕರೆಯುವ ಸ್ಥಿತಿಯಲ್ಲಿ ಹೊಡೆತ, ಬೈಗುಳ, ಹಸಿವು ಇರಲೇಬೇಕಿಲ್ಲ. ಎಲ್ಲ ಅನುಕೂಲದ ನಡುವೆಯೂ ಮನಸ್ಸಿನೊಳಗೆ ಏನಾಗುತ್ತಿದೆ ಎಂದು ಕೇಳುವವರು ಇಲ್ಲದಿರುವುದೇ ಅದರ ಲಕ್ಷಣ. ಮನುಷ್ಯನಿಗೆ ಆಪ್ತಬಂಧ ಅನ್ನದಷ್ಟೇ ಮೂಲಭೂತವಾದ ಅಗತ್ಯ ಎಂದು ಇಪ್ಪತ್ತನೆಯ ಶತಮಾನದಲ್ಲಿ ಜಾನ್ ಬೌಲ್ಬಿ ವಾದಿಸಿದ. ಹಾಗೆಂದು ಜನ್ನ ತನ್ನ ರಾಣಿಯನ್ನು ನಿರ್ಲಕ್ಷಿತೆ ಎಂದು ಎಲ್ಲಿಯೂ ಕರೆದಿಲ್ಲ. ಅವನು ಕೊಟ್ಟದ್ದು ದೃಶ್ಯಗಳನ್ನು. ಆ ದೃಶ್ಯಗಳು ಅವನ ತೀರ್ಪಿಗಿಂತ ದೊಡ್ಡದಾಗಿ ಬೆಳೆದವು.

ಈ ಓದಿಗೆ ಎದುರಾಗುವ ಗಟ್ಟಿ ಆಕ್ಷೇಪವೂ ಕಾವ್ಯದೊಳಗೇ ಇದೆ. ಹೊಸ ಪ್ರಿಯ ಅವಳನ್ನು ಅರ್ಥಮಾಡಿಕೊಂಡವನೇನೂ ಅಲ್ಲ. ಒಂದು ರಾತ್ರಿ ತಡವಾಗಿ ಬಂದದ್ದಕ್ಕೆ ಅವಳ ಜುಟ್ಟು ಹಿಡಿದೆಳೆದು ಬಡಿಯುತ್ತಾನೆ. ಅವಳು ಕಾಲು ಹಿಡಿದು ಬೇಡಿಕೊಳ್ಳುತ್ತಾಳೆ. ಬರಿಯ ಕಾಮ ಎಂದರೆ ಇದು ವಿವರಣೆಯಾಗುವುದಿಲ್ಲ, ಬರಿಯ ಪ್ರೀತಿ ಎಂದರೂ ಆಗುವುದಿಲ್ಲ. ಗಮನಕ್ಕಾಗಿ ಬಹುಕಾಲ ಹಸಿದ ಮನಸ್ಸು ಕ್ರೂರ ಗಮನವನ್ನೂ ಗಮನವೆಂದೇ ಹಿಡಿದುಕೊಳ್ಳುತ್ತದೆ ಎನ್ನುವುದು ಹಿಂಸೆಯ ಸಂಬಂಧಗಳನ್ನು ಬಿಡಲಾರದ ಹೆಣ್ಣುಮಕ್ಕಳ ಬದುಕಿನಲ್ಲಿ ಇಂದಿಗೂ ಕಾಣುವ ಸತ್ಯ. ಮಾವುತ ತಡವಾದದ್ದಕ್ಕೆ ಸಿಟ್ಟಾದ. ಅಂದರೆ ಅವನಿಗೆ ಅವಳು ಬರುವುದು ಬೇಕಿತ್ತು. ಅರಮನೆಯಲ್ಲಿ ಅವಳು ಇದ್ದೇ ಇರುತ್ತಾಳೆ, ಕಾಯಬೇಕಾಗಿಯೇ ಇಲ್ಲ.

ಆ ರಾತ್ರಿ ಯಶೋಧರ ಕತ್ತಿ ಹಿರಿದು ಹಿಂದೆ ಹೋಗಿದ್ದ. ಎಲ್ಲವನ್ನೂ ನೋಡಿದ. ಕೊಲ್ಲಲಿಲ್ಲ. ಕಾವ್ಯ ಇದನ್ನು ಅವನ ಸಂಯಮವೆಂದು ಮೆಚ್ಚುತ್ತದೆ, ಮೆಚ್ಚುವಂಥದ್ದೂ ಹೌದು. ಮರುದಿನ ಅವನು ಮಾಡಿದ್ದೇನು ಎಂಬುದು ಇನ್ನಷ್ಟು ಮುಖ್ಯ. ಸರಸದ ನೆಪದಲ್ಲಿ ನೈದಿಲೆಯಿಂದ ಅವಳನ್ನು ಮೆಲ್ಲಗೆ ಹೊಡೆಯುತ್ತಾನೆ. ಅವಳು ಆ ಹೂವಿನ ಪೆಟ್ಟಿಗೇ ಮೂರ್ಛೆ ಹೋದಂತೆ ಬೀಳುತ್ತಾಳೆ. ಅವನು ಉಪಚರಿಸುತ್ತ ಒಳಗೇ ಅರ್ಥವಿಟ್ಟು ಮಾತಾಡುತ್ತಾನೆ. ಮಾವುತನ ಹೊಡೆತ ತಾಳಿದವಳು ಹೂವಿಗೆ ಬಿದ್ದಳು ಎಂದು ಓದುಗರು ಅವಳ ಕಪಟವನ್ನೇ ಕಾಣುತ್ತಾರೆ. ಆದರೆ ಆ ಕೋಣೆಯಲ್ಲಿ ಇಬ್ಬರೂ ನಟಿಸುತ್ತಿದ್ದಾರೆ. ಗಂಡನಿಗೆ ಗೊತ್ತು, ಹೆಂಡತಿಗೆ ಅವನಿಗೆ ಗೊತ್ತೆಂಬ ಗುಮಾನಿ. ಇಡೀ ಕಥೆಯಲ್ಲಿ ಅವರಿಬ್ಬರು ಈ ವಿಷಯವನ್ನು ಒಮ್ಮೆಯೂ ಬಾಯಿಬಿಟ್ಟು ಆಡುವುದಿಲ್ಲ.

ಆ ಮೌನದಿಂದಲೇ ಮುಂದಿನ ಹಿಂಸೆಯೆಲ್ಲ ಹುಟ್ಟುತ್ತದೆ. ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ರಾಜ ನಿಜ ಹೇಳದೆ ಕೆಟ್ಟ ಕನಸು ಕಂಡೆನೆಂದು ಕಥೆ ಕಟ್ಟುತ್ತಾನೆ. ಕನಸಿನ ದೋಷಕ್ಕೆ ದೇವಿಗೆ ಬಲಿ ಕೊಡೆಂದು ತಾಯಿ ಹಟ ಹಿಡಿಯುತ್ತಾಳೆ. ಪ್ರಾಣಿಯನ್ನು ಕೊಲ್ಲಲಾರೆನೆಂದ ಮಗ ಹಿಟ್ಟಿನ ಹುಂಜದ ಬಲಿಗೆ ಒಪ್ಪುತ್ತಾನೆ. ಕಡಿದಾಗ ಆ ಹುಂಜ ಕೂಗುತ್ತದೆ. ರಾಜ್ಯ ಬಿಟ್ಟು ತಪಸ್ಸಿಗೆ ಹೊರಟ ಅವನಿಗೂ ಅವನ ತಾಯಿಗೂ ರಾಣಿ ಊಟಕ್ಕೆ ಕರೆದು ವಿಷ ಹಾಕುತ್ತಾಳೆ. ಮಗ ನವಿಲಾದರೆ ತಾಯಿ ನಾಯಿ, ಮುಂದೆ ಹಾವು, ಮೊಸಳೆ, ಹೀಗೆ ಜನ್ಮದಿಂದ ಜನ್ಮಕ್ಕೆ ಒಬ್ಬರಿಗೊಬ್ಬರು ಮೃತ್ಯುವಾಗುತ್ತ ಅಲೆದು, ಕೊನೆಗೆ ಅಭಯರುಚಿ ಮತ್ತು ಅಭಯಮತಿ ಎಂಬ ಅವಳಿಗಳಾಗಿ ಮನುಷ್ಯಜನ್ಮ ಪಡೆಯುತ್ತಾರೆ. ನವಿಲಿನ ಜನ್ಮದಲ್ಲಿ ಪೂರ್ವಸ್ಮರಣೆಯಾದಾಗ ಯಶೋಧರ ಮೊದಲು ಮಾಡುವುದು ರಾಣಿಯ ಪ್ರಿಯನ ಮೇಲೆ ಎರಗುವ ಕೆಲಸ. ಕತ್ತಿ ಒರೆಗೆ ಸೇರಿತ್ತು, ಸಿಟ್ಟು ಸೇರಿರಲಿಲ್ಲ.

ಹಿಟ್ಟಿನ ಹುಂಜಕ್ಕೆ ಜೀವವಿಲ್ಲ. ಆದರೂ ಪಾಪ ಏಕೆ ಎಂಬುದಕ್ಕೆ ಜೈನ ಶಾಸ್ತ್ರದ ಉತ್ತರ ಸ್ಪಷ್ಟ. ದ್ರವ್ಯಹಿಂಸೆ ಎಂದರೆ ಪ್ರಾಣವನ್ನು ತೆಗೆಯುವುದು, ಭಾವಹಿಂಸೆ ಎಂದರೆ ಮನಸ್ಸಿನಲ್ಲಿ ರಾಗದ್ವೇಷಗಳು ಏಳುವುದು. ಕೊಲ್ಲುವ ಸಂಕಲ್ಪ ಮಾಡಿದವನು ಹಿಟ್ಟನ್ನು ಕಡಿದರೂ ಕೊಂದವನೇ. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಪಶುಜನ್ಮಕ್ಕೆ ಕಾರಣವೆಂದು ಮಾಯೆಯನ್ನು, ಅಂದರೆ ಕಪಟವನ್ನು, ಹೆಸರಿಸುತ್ತದೆ. ಕಟ್ಟಿದ ಕನಸು, ಕಟ್ಟಿದ ಹುಂಜ ಎರಡೂ ಕಪಟಗಳೇ ಎಂದು ನೋಡಿದರೆ ಯಶೋಧರನ ಪ್ರಾಣಿಜನ್ಮಗಳಿಗೆ ಶಾಸ್ತ್ರಸಮ್ಮತವಾದ ಇನ್ನೊಂದು ಅರ್ಥ ಹೊಳೆಯುತ್ತದೆ.

ಇದೇ ಅಳತೆಗೋಲನ್ನು ಅಮೃತಮತಿಗೂ ಹಿಡಿಯಬೇಕು. ಜೈನ ಶಾಸ್ತ್ರಕ್ಕೆ ಮನಸ್ಸಿನ ವಿಶ್ಲೇಷಣೆಯಲ್ಲಿ ಬಡತನವಿಲ್ಲ. ಮೋಹನೀಯ ಕರ್ಮವೊಂದರಲ್ಲೇ 28 ಭೇದಗಳನ್ನು ಅದು ಎಣಿಸಿದೆ. ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳೆಲ್ಲ ಅದರಲ್ಲಿ ಬೇರೆಬೇರೆ. ಬೇಡವಾದದ್ದರ ಜೊತೆ ಬಾಳಬೇಕಾದಾಗ, ಬೇಕಾದದ್ದು ಸಿಗದಾಗ ಮನಸ್ಸು ಕೊರಗುವುದನ್ನು ಆರ್ತಧ್ಯಾನ ಎಂದೂ, ಕೊಲೆ ಸುಳ್ಳುಗಳಲ್ಲಿ ಮನಸ್ಸು ಕ್ರೂರವಾಗಿ ನೆಲೆಸುವುದನ್ನು ರೌದ್ರಧ್ಯಾನ ಎಂದೂ ಅದು ವಿಂಗಡಿಸುತ್ತದೆ. ಆರ್ತಕ್ಕೆ ಪಶುಗತಿ, ರೌದ್ರಕ್ಕೆ ನರಕಗತಿ. ಈ ಲೆಕ್ಕದಲ್ಲಿ ಹಾಡು ಕೇಳಿ ಕೊರಗಿದ ಅಮೃತಮತಿ ಆರ್ತಳು, ವಿಷ ಬೆರೆಸಿದ ಅಮೃತಮತಿ ರೌದ್ರಳು. ನರಕ ಬಂದದ್ದು ಎರಡನೆಯದಕ್ಕೆ. ಎರಡು ಜೀವ ತೆಗೆದ ಹೊಣೆಯಿಂದ ಅವಳನ್ನು ಯಾವ ನಿರ್ಲಕ್ಷ್ಯವೂ ಬಿಡಿಸಲಾರದು. ಆದರೆ ಕವಿಗಳು ಎರಡನ್ನೂ ಬೆರೆಸಿ, ಒಲಿದದ್ದೇ ನರಕಕ್ಕೆ ದಾರಿ ಎನ್ನುವಂತೆ ಹೇಳಿದರು. ಆರ್ತದಿಂದ ರೌದ್ರಕ್ಕೆ ಆ ಮನಸ್ಸು ಹೇಗೆ ಸಾಗಿತು ಎಂಬ ನಡುವಣ ಹಾದಿ ಬರಿದಾಗಿ ಉಳಿಯಿತು.

ಹೆಣ್ಣಿನ ಬಗ್ಗೆ ಗಂಭೀರವಾಗಿ ವಿಚಾರ ಮಾಡುವ ಶಕ್ತಿ ಮಳಖೇಡದ ಸೀಮೆಗೆ ಇರಲಿಲ್ಲ ಎನ್ನುವಂತಿಲ್ಲ. ಮಾನ್ಯಖೇಟದಲ್ಲಿ ಅಮೋಘವರ್ಷ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ತನ್ನ ವ್ಯಾಕರಣದ ವೃತ್ತಿಗೆ ಆ ದೊರೆಯ ಹೆಸರನ್ನೇ ಇಟ್ಟ ಯಾಪನೀಯ ಪಂಥದ ಶಾಕಟಾಯನ ಸ್ತ್ರೀಮುಕ್ತಿಯ ಪರವಾಗಿ ಪ್ರಕರಣವೊಂದನ್ನು ಬರೆದ. ಹೆಣ್ಣು ಏಳನೆಯ ನರಕಕ್ಕೆ ಬೀಳುವಷ್ಟು ಪಾಪ ಮಾಡಲಾರಳು, ಆದ್ದರಿಂದ ಮೋಕ್ಷಕ್ಕೆ ಏರುವಷ್ಟು ಶಕ್ತಿಯೂ ಅವಳಿಗಿಲ್ಲ ಎಂಬ ದಿಗಂಬರ ವಾದವನ್ನು ಅವನು ತಳ್ಳಿಹಾಕಿದ. ಬೀಳುವ ಆಳಕ್ಕೂ ಏರುವ ಎತ್ತರಕ್ಕೂ ನಂಟು ಕಟ್ಟಬೇಕಿಲ್ಲ ಎಂಬುದು ಅವನ ತರ್ಕ. ಮುಂದೆ, ಶಹಾಬಾದ್ ಬಳಿಯ ಮರತೂರಿನವನೆಂದು ಗುರುತಿಸಲಾಗಿರುವ ವಿಜ್ಞಾನೇಶ್ವರ 'ಮಿತಾಕ್ಷರಾ'ದಲ್ಲಿ ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿ, ವಾರಸಾಗಿ ಬಂದದ್ದನ್ನೂ ಕೊಂಡದ್ದನ್ನೂ ಅದರೊಳಗೆ ಸೇರಿಸಿದ. ಮೋಕ್ಷದ ಚರ್ಚೆಯಲ್ಲಿ, ಆಸ್ತಿಯ ಚರ್ಚೆಯಲ್ಲಿ ಹೆಣ್ಣು ಒಬ್ಬ ವ್ಯಕ್ತಿಯಾಗಿ ಕಾಣಿಸಿಕೊಂಡಳು. ಮನಸ್ಸಿನ ಚರ್ಚೆಯೇ ಕಸುಬಾಗಿದ್ದ ಕಾವ್ಯ ಅಷ್ಟು ದೂರ ಬರಲಿಲ್ಲ.

ಆಧುನಿಕ ಕನ್ನಡ ಈ ಸಾಲವನ್ನು ಸ್ವಲ್ಪ ತೀರಿಸಿದೆ. ಗಿರೀಶ ಕಾರ್ನಾಡರು 1980ರಲ್ಲಿ ಜನ್ನನ ಕಥೆಯನ್ನೇ ಆಧರಿಸಿ 'ಹಿಟ್ಟಿನ ಹುಂಜ' ನಾಟಕ ಬರೆದು, ರಾಣಿಗೆ ಮಾತು ಕೊಟ್ಟರು. ಅಲ್ಲಿ ಗಂಡ ಹೆಂಡತಿ ಎದುರುಬದುರಾಗುತ್ತಾರೆ, ಕೇಳುತ್ತಾರೆ, ಉತ್ತರಿಸುತ್ತಾರೆ. ಅವರದೇ 'ನಾಗಮಂಡಲ'ದ ರಾಣಿಯನ್ನು ಗಂಡ ಮನೆಯಲ್ಲಿಟ್ಟು ಬೀಗ ಹಾಕಿ ಹೋಗುತ್ತಾನೆ. ರಾತ್ರಿ ಗಂಡನ ರೂಪದಲ್ಲಿ ಬಂದು ಅವಳೊಡನೆ ಮಾತಾಡುವವನು ನಾಗ. ಆ ಜಾನಪದ ಕಥೆ ತನ್ನ ನಾಯಕಿಯನ್ನು ಶಿಕ್ಷಿಸುವುದಿಲ್ಲ, ಊರ ಮುಂದೆ ಗೆಲ್ಲಿಸುತ್ತದೆ. ಅಜ್ಜಿಯರು ಹೇಳಿಕೊಂಡು ಬಂದ ಕಥೆಗೂ ಮುನಿಗಳೂ ಪಂಡಿತರೂ ಬರೆದ ಕಥೆಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ.

ಉಳಿದಿರುವುದು ನರಕದ ಮಾತು. ಜೈನ ಧರ್ಮದಲ್ಲಿ ನರಕ ಶಾಶ್ವತವಲ್ಲ. ಅಲ್ಲಿನ ಆಯುಷ್ಯವನ್ನು ಸಾಗರೋಪಮಗಳಲ್ಲಿ ಎಣಿಸುತ್ತಾರೆ. ಎಷ್ಟೇ ದೀರ್ಘವಾದರೂ ಅದಕ್ಕೊಂದು ಕೊನೆಯುಂಟು. ಪುಷ್ಪದಂತನ 'ಮಹಾಪುರಾಣ'ದಲ್ಲಿ ಗೌತಮ ಗಣಧರನಿಂದ ಕಥೆ ಕೇಳುವ ಶ್ರೇಣಿಕ ಮಹಾರಾಜನೂ ನರಕಕ್ಕೆ ಹೋಗಿದ್ದಾನೆ, ಅಲ್ಲಿಂದ ಬಂದು ಮುಂಬರುವ ಯುಗದ ಮೊದಲ ತೀರ್ಥಂಕರನಾಗುತ್ತಾನೆ ಎಂಬುದು ಜೈನರ ನಂಬಿಕೆ. ಯಶೋಧರನನ್ನು ಕವಿಗಳು ಜನ್ಮದಿಂದ ಜನ್ಮಕ್ಕೆ ಕೈಹಿಡಿದು ನಡೆಸಿ ದಡ ಸೇರಿಸಿದರು. ಅಮೃತಮತಿಯನ್ನು ರೋಗಕ್ಕೆ ಒಪ್ಪಿಸಿ, ನರಕದ ಬಾಗಿಲಲ್ಲಿ ಬಿಟ್ಟು ತಿರುಗಿ ಬಂದರು. ಶಾಸ್ತ್ರದ ಪ್ರಕಾರ ಅವಳ ಜೀವವೂ ಅಲ್ಲಿಂದ ಹೊರಬರಬೇಕು, ಮತ್ತೆ ಹುಟ್ಟಬೇಕು, ತನ್ನ ಹಿಂದಿನದನ್ನು ನೆನೆಯಬೇಕು. ಈ ಕಥೆಯನ್ನು ಇನ್ನು ಮುಂದೆ ಕೈಗೆತ್ತಿಕೊಳ್ಳುವ ಕನ್ನಡ ಬರಹಗಾರರು ಅಲ್ಲಿಂದ ಆರಂಭಿಸಲಿ.